ಎಲೆಗೆ ತಲುಪುತ್ತಿರುವ ಗಾಳಿ ಯಾವುದು? ಅನಿಲ ಮಿಶ್ರಣ ವ್ಯವಸ್ಥೆಯ ದೋಷ ನಿವಾರಣೆ

ದ್ಯುತಿಸಂಶ್ಲೇಷಣೆ ಅಳೆಯುವ ಉಪಕರಣದ ಮುಂದೆ ಕೂತವರಿಗೆಲ್ಲ ಇಂಥ ದಿನಗಳು ಬಂದೇ ಬರುತ್ತವೆ. ಗಿಡಕ್ಕೆ ನೀರು ಕೊಟ್ಟಾಗಿದೆ, ಉಪಕರಣ ಅರ್ಧ ಗಂಟೆ ಬೆಚ್ಚಗಾಗಿದೆ, ಎಲೆ ಚೇಂಬರಿನಲ್ಲಿ ಸರಿಯಾಗಿ ಕೂತಿದೆ, ಆದರೂ ಅಂಕಿ ನಂಬುವಂತಿಲ್ಲ. ಆಗ ನಾವು ಮೊದಲು ಗಿಡದ ಮೇಲೆ ಗೂಬೆ ಕೂರಿಸುತ್ತೇವೆ: ಬಾಡಿದೆ, ವಯಸ್ಸಾಗಿದೆ, ನೆರಳಿನಲ್ಲಿ ಬೆಳೆದಿದೆ. ಆಮೇಲೆ ಉಪಕರಣದ ಸರದಿ. ಎರಡರ ನಡುವಿನ ಸಿಲಿಂಡರ್, ರೆಗ್ಯುಲೇಟರ್, ಟ್ಯೂಬು, ನಟ್ಟು, ಸೋಡಾ ಲೈಮ್ (ಗಾಳಿಯಿಂದ ಇಂಗಾಲದ ಡೈಆಕ್ಸೈಡ್, ಅಂದರೆ ಸಿಒ2, ಹೀರುವ ಕಾಳುಗಳು) ಇವುಗಳ ನೆನಪಾಗುವುದು ಎಲ್ಲಕ್ಕಿಂತ ಕೊನೆಗೆ. ಬೆಂಗಳೂರಿನ ಲ್ಯಾಬುಗಳಲ್ಲಿ ಇಂಥ ಜೋಡಣೆಗಳನ್ನು ಕಟ್ಟುತ್ತ, ಬಿಚ್ಚುತ್ತ ನನಗೆ ಮನದಟ್ಟಾದದ್ದು ಇಷ್ಟು: ಉಪಕರಣ ತನಗೆ ತಲುಪಿದ ಗಾಳಿಯನ್ನು ಮಾತ್ರ ಅಳೆಯುತ್ತದೆ, ನಾವು ಕಳಿಸಿದ್ದೇವೆಂದುಕೊಂಡ ಗಾಳಿಯನ್ನಲ್ಲ. ಆದ್ದರಿಂದ ಹುಡುಕಾಟ ಸಿಲಿಂಡರಿನಿಂದ ಎಲೆಯವರೆಗಿನ ದಾರಿಯಲ್ಲಿ ನಡೆಯಬೇಕು.

ಲೈಕೋರ್ 6400, 6800 ತರಹದ ಹೊತ್ತೊಯ್ಯುವ ಉಪಕರಣ ಇದ್ದರೂ, ಅನಿಲದ ಹರಿವನ್ನು ಅಳೆದು ಹೇಳಿದ ಮಟ್ಟದಲ್ಲಿ ಹಿಡಿದಿಡುವ ಮಾಸ್ ಫ್ಲೋ ಕಂಟ್ರೋಲರ್‌ಗಳನ್ನು (ಮುಂದೆ ಎಂಎಫ್‌ಸಿ ಎನ್ನುತ್ತೇನೆ) ಸೇರಿಸಿ ನೀವೇ ಕಟ್ಟಿಕೊಂಡ ಮಿಶ್ರಣದ ಜೋಡಣೆ ಇದ್ದರೂ ಲಕ್ಷಣಗಳು ಹೆಚ್ಚುಕಡಿಮೆ ಒಂದೇ. ಪ್ರತಿ ಲಕ್ಷಣಕ್ಕೂ ಖರ್ಚಿಲ್ಲದ ಪರೀಕ್ಷೆ ಮೊದಲು ಕೊಟ್ಟಿದ್ದೇನೆ.

ಸ್ಪ್ಯಾನರ್ ಹಿಡಿಯುವ ಮುನ್ನ

ಈ ಕೆಲಸದಲ್ಲಿ ಜೀವಕ್ಕೆ ಎರವಾಗಬಲ್ಲದ್ದು, ಆಮ್ಲಜನಕ ತಗ್ಗಿಸಲು ಬೆರೆಸುವ ಸಾರಜನಕ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಉಸಿರು ಕಟ್ಟುತ್ತಿದೆ ಎಂಬ ಸೂಚನೆಯನ್ನೂ ಅದು ಕೊಡುವುದಿಲ್ಲ. 47 ಲೀಟರಿನ ಸಿಲಿಂಡರನ್ನು 150 ಬಾರ್‌ಗೆ ತುಂಬಿದ್ದರೆ ಅದರಲ್ಲಿ ಸುಮಾರು 7 ಘನ ಮೀಟರ್ ಅನಿಲ ಇರುತ್ತದೆ. ಮೂರು ಮೀಟರ್ ಉದ್ದ, ಅಗಲ, ಎತ್ತರದ ಕೋಣೆಯ ಬಾಗಿಲು ಹಾಕಿ, ಏಸಿ ಹಚ್ಚಿಕೊಂಡು ಕೂತಾಗ ಅಷ್ಟೂ ಸೋರಿತೆನ್ನಿ: ಆಮ್ಲಜನಕ 21%ರಿಂದ ಸುಮಾರು 16%ಗೆ ಇಳಿಯುತ್ತದೆ. 19.5%ಗಿಂತ ಕಡಿಮೆಯಾದರೇ ಅಪಾಯಕಾರಿ ಎಂದು ಲೆಕ್ಕ. ಕಡಿಮೆ ಆಮ್ಲಜನಕದ ಪ್ರಯೋಗ ಮಾಡುವ ಕೋಣೆಯಲ್ಲಿ ಆಮ್ಲಜನಕದ ಅಲಾರಂ ಇರಲೇಬೇಕು, ಕಿಟಕಿ ತೆರೆದಿರಬೇಕು, ಹೆಚ್ಚುವರಿ ಅನಿಲ ಬಿಡುವ ಟ್ಯೂಬಿನ ತುದಿ ಹೊರಗಿರಬೇಕು. ಸಹೋದ್ಯೋಗಿ ಒಳಗೆ ಕುಸಿದು ಬಿದ್ದದ್ದು ಕಂಡರೆ ಹಾಗೇ ಒಳಗೆ ಓಡಬೇಡಿ. ಹೊರಗಿನಿಂದಲೇ ಬಾಗಿಲು ಕಿಟಕಿ ತೆರೆಯಿರಿ, ಜನರನ್ನು ಕೂಗಿ. ಕಾಪಾಡಲು ಹೋದವರು ಜೊತೆಗೇ ಸತ್ತ ಘಟನೆಗಳು ಕಾರ್ಖಾನೆಗಳಲ್ಲಿ ಮತ್ತೆ ಮತ್ತೆ ನಡೆದಿವೆ.

ಸಿಲಿಂಡರನ್ನು ಗೋಡೆಗೆ ಸರಪಳಿಯಿಂದ ಕಟ್ಟಿರಬೇಕು. ನಮ್ಮಲ್ಲಿ ಸಾರಜನಕದ ಸಿಲಿಂಡರಿನ ಮೈ ಬೂದು, ಕೊರಳು ಕಪ್ಪು; ಆಮ್ಲಜನಕದ ಮೈ ಕಪ್ಪು, ಕೊರಳು ಬಿಳಿ. ಆದರೂ ಬಣ್ಣವನ್ನೇ ನಂಬದೆ ಚೀಟಿ ಓದಿ. ಆಮ್ಲಜನಕದ ರೆಗ್ಯುಲೇಟರಿಗೆ ಎಣ್ಣೆ, ಗ್ರೀಸ್ ಸೋಕಿಸಬಾರದು, ಬೆಂಕಿ ಹೊತ್ತಿಕೊಳ್ಳುತ್ತದೆ. ಸೋಡಾ ಲೈಮ್ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ನೀಲಿಯಿಂದ ಗುಲಾಬಿಗೆ ತಿರುಗುವ ತೇವಹೀರುಕದಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದರ ಧೂಳು ವಿಷಕಾರಿ. ಎರಡನ್ನೂ ಕೈಗವಸು, ಮಾಸ್ಕು, ಕನ್ನಡಕ ಹಾಕಿಕೊಂಡೇ ತುಂಬಿ.

ಲಕ್ಷಣ 1: ಸಿಒ2 ಕೇಳಿದ ಮಟ್ಟಕ್ಕೆ ಏರುತ್ತಿಲ್ಲ

400 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 400 ಪಾಲು) ಕೇಳಿದರೆ ಬರುತ್ತದೆ, 1500 ಕೇಳಿದರೆ 900ರ ಹತ್ತಿರ ನಿಲ್ಲುತ್ತದೆ. ಅಥವಾ ಬೆಳಿಗ್ಗೆ ಸರಿಯಿದ್ದದ್ದು ಮಧ್ಯಾಹ್ನಕ್ಕೆ ಕೈಕೊಡುತ್ತದೆ.

ಮೊದಲು ಸಿಒ2 ತುಂಬಿದ ಸಣ್ಣ ಕಾರ್ಟ್ರಿಡ್ಜ್ ನೋಡಿ. 6400ಕ್ಕೆ 12 ಗ್ರಾಮಿನದು, 6800ಕ್ಕೆ 8 ಗ್ರಾಮಿನದು. ಲೆಕ್ಕ ಹಾಕಿದರೆ 8 ಗ್ರಾಂ ಎಂದರೆ ನಾಲ್ಕೂವರೆ ಲೀಟರಿನಷ್ಟು ಅನಿಲ, ಅಷ್ಟೇ. ಒಮ್ಮೆ ಚುಚ್ಚಿದ ಮೇಲೆ ನೀವು ಬಳಸಲಿ ಬಿಡಲಿ, ಅದು ನಿಧಾನವಾಗಿ ಸೋರಿ ಒಂದು ಹಗಲಿನ ಕೆಲಸಕ್ಕೆ ಮುಗಿಯುತ್ತದೆ. ನಿನ್ನೆ ಸಂಜೆ ಚುಚ್ಚಿದ್ದನ್ನು ಇವತ್ತು ನಂಬಿಕೊಳ್ಳಬೇಡಿ. ಹೊಸದನ್ನು ಹಾಕಿದರೂ ಏರದಿದ್ದರೆ ಅದರ ಒ-ರಿಂಗ್ ನೋಡಿ: ಸೀಳಿರಬಹುದು, ಚುಚ್ಚುವ ಮೊನೆಗೆ ಅಂಟಿ ಜರುಗಿರಬಹುದು. ಹಳೆಯ ಕಾರ್ಟ್ರಿಡ್ಜ್ ಬಿಚ್ಚುವಾಗ ಒಳಗೆ ಒತ್ತಡ ಉಳಿದಿರುವ ಸಾಧ್ಯತೆ ಇದೆ. ಕಾಲು ಸುತ್ತು ತಿರುಗಿಸಿ ನಿಲ್ಲಿ, ಸುಯ್ ಎನ್ನುವ ಸದ್ದು ಪೂರ್ತಿ ನಿಂತ ಮೇಲೆ ಮುಂದುವರಿಸಿ, ಮುಖ ದೂರವಿರಲಿ.

ದೊಡ್ಡ ಸಿಒ2 ಸಿಲಿಂಡರ್ ಬಳಸುವವರು ಗೇಜಿನ ಬಗ್ಗೆ ಒಂದು ವಿಷಯ ತಿಳಿದಿರಬೇಕು. ಒಳಗೆ ದ್ರವ ಇರುವ ತನಕ ಗೇಜು ಒಂದೇ ಅಂಕಿ ತೋರಿಸುತ್ತದೆ, 20 ಡಿಗ್ರಿಯಲ್ಲಿ ಸುಮಾರು 57 ಬಾರ್, 25 ಡಿಗ್ರಿಯಲ್ಲಿ 64. ತುಂಬಿದ ಸಿಲಿಂಡರಿಗೂ ಕಾಲು ಭಾಗ ಉಳಿದ ಸಿಲಿಂಡರಿಗೂ ವ್ಯತ್ಯಾಸ ಕಾಣುವುದಿಲ್ಲ. ದ್ರವ ಮುಗಿದ ಮೇಲೆ ಮುಳ್ಳು ಸರಸರನೆ ಇಳಿದುಬಿಡುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯಲು ತೂಕ ಹಾಕುವುದೊಂದೇ ದಾರಿ, ಖಾಲಿ ತೂಕ ಸಿಲಿಂಡರಿನ ಮೇಲೆ ಕೆತ್ತಿರುತ್ತದೆ. ಇನ್ನು ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ ಶೆಡ್ಡಿನಲ್ಲಿಟ್ಟ ಸಿಲಿಂಡರ್ 31 ಡಿಗ್ರಿ ದಾಟಿದರೆ ಒಳಗೆ ದ್ರವವೇ ಇರುವುದಿಲ್ಲ, ಆಗ ಗೇಜಿನ ಅಂಕಿಯ ಅರ್ಥವೇ ಬೇರೆ. ನೆರಳು, ಗಾಳಿಯಾಡುವ ಜಾಗ ಇರಲಿ.

ಇದೆಲ್ಲ ಸರಿಯಿದ್ದರೆ ಅನಿಲ ದಾರಿಯಲ್ಲೆಲ್ಲೋ ಕಟ್ಟಿದೆ. ಕಾರ್ಟ್ರಿಡ್ಜಿನೊಳಗಿನ ಎಣ್ಣೆಯ ಜಿಡ್ಡು ಅನಿಲದ ಜೊತೆ ಹೊರಬರುತ್ತದೆ. ಅದನ್ನು ಹಿಡಿಯಲೆಂದೇ ಇರುವ ಫಿಲ್ಟರನ್ನು ಕೈಪಿಡಿ ಹೇಳಿದಷ್ಟು ಕಾರ್ಟ್ರಿಡ್ಜಿಗೊಮ್ಮೆ ಬದಲಿಸದಿದ್ದರೆ ಜಿಡ್ಡು ಒಳಗಿನ ವಾಲ್ವಿಗೆ ಇಳಿಯುತ್ತದೆ. ಅಲ್ಲಿಗೆ ಇಳಿದ ಮೇಲೆ ನೀವು ಬಿಚ್ಚಬೇಡಿ. ಅದು ಸರ್ವಿಸ್ ಎಂಜಿನಿಯರ್ ಕೆಲಸ.

ಲಕ್ಷಣ 2: ಸಿಒ2 ಸೊನ್ನೆಗೆ ಇಳಿಯುತ್ತಿಲ್ಲ

ಪೂರ್ತಿ ಸ್ಕ್ರಬ್ ಹಾಕಿದರೂ (ಎಲ್ಲ ಗಾಳಿಯನ್ನೂ ಸೋಡಾ ಲೈಮ್ ಮೂಲಕ ಹಾಯಿಸಿದರೂ) 8, 10, 15 ಪಿಪಿಎಂ ಉಳಿಯುತ್ತದೆ. ಸಾಮಾನ್ಯವಾಗಿ ಇದು ಸೋಡಾ ಲೈಮ್ ದಣಿದ ಲಕ್ಷಣ. ಆದರೆ ಅದರ ಬಣ್ಣವನ್ನು ಪೂರ್ತಿ ನಂಬುವಂತಿಲ್ಲ. ನೇರಳೆಗೆ ತಿರುಗಿದ್ದು ರಾತ್ರಿ ಬೆಳಗಾಗುವಷ್ಟರಲ್ಲಿ ಮತ್ತೆ ಬೆಳ್ಳಗಾಗಬಹುದು, ಹಾಗೆಂದು ಅದಕ್ಕೆ ಶಕ್ತಿ ಮರಳಿತು ಎಂದಲ್ಲ. ಡಬ್ಬಿಯ ಮೇಲೆ ತುಂಬಿದ ತಾರೀಖು ಬರೆದಿಡುವುದು ನಾನು ಕಂಡ ಅತಿ ಅಗ್ಗದ, ಅತಿ ಉಪಯುಕ್ತ ಅಭ್ಯಾಸ.

ಹೊಸ ಸೋಡಾ ಲೈಮ್ ಹಾಕಿದರೂ ಕೆಲಸ ಮಾಡದಿದ್ದರೆ? ಅದು ಒಣಗಿರಬಹುದು. ಸಿಒ2 ಹೀರಿಕೊಳ್ಳಲು ಸೋಡಾ ಲೈಮಿಗೆ ತೇವ ಬೇಕೇ ಬೇಕು. ತೇವಹೀರುಕವನ್ನು ಮೊದಲು, ಸೋಡಾ ಲೈಮನ್ನು ಆಮೇಲೆ ಇಟ್ಟರೆ ಒಣಗಾಳಿ ಸತತವಾಗಿ ಹರಿದು ಸೋಡಾ ಲೈಮ್ ಒಣಗಿ ಕಲ್ಲಾಗುತ್ತದೆ. ಸೋಡಾ ಲೈಮ್ ಮೊದಲು, ತೇವಹೀರುಕ ಆಮೇಲೆ: ಈ ಕ್ರಮ ನೆನಪಿರಲಿ. ಸೋಡಾ ಲೈಮ್ ತಾನೇ ನೀರು ಬಿಡುವುದರಿಂದ ಒಣಗಾಳಿ ಬೇಕೆಂದರೂ ಈ ಕ್ರಮವೇ ಸರಿ. ಮುಚ್ಚಳ ಸರಿಯಾಗಿ ಹಾಕದೆ ಇಟ್ಟ ಡಬ್ಬಿಯದೂ ಒಣಗಿರುತ್ತದೆ. ಅಂಥದ್ದಕ್ಕೆ ಕೆಲವು ಹನಿ ನೀರು ಚಿಮುಕಿಸಿ, ಮುಚ್ಚಿ ಒಂದು ರಾತ್ರಿ ಇಟ್ಟು ನೋಡಬಹುದು.

ಇನ್ನೊಂದು ಸಾಧ್ಯತೆ ಕಣ್ಣಿಗೆ ಬೀಳುವುದಿಲ್ಲ. ಕೊಳವೆಯನ್ನು ಸಡಿಲವಾಗಿ ತುಂಬಿ ಮಲಗಿಸಿಟ್ಟರೆ ಕಾಳುಗಳು ಕೆಳಗೆ ಕೂತು, ಮೇಲೆ ಖಾಲಿ ಓಣಿ ಉಳಿದು, ಗಾಳಿ ಅಲ್ಲಿಂದ ಸಲೀಸಾಗಿ ದಾಟಿಹೋಗುತ್ತದೆ. ತಟ್ಟಿ ತಟ್ಟಿ ಗಿಡಿದು ತುಂಬಿ, ನಿಲ್ಲಿಸಿಡಿ. ಮುಚ್ಚಳದ ಎಳೆಗಳಲ್ಲಿ ಪುಡಿ ಕೂತಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ, ಅಲ್ಲಿ ಒಂದು ಕಾಳು ಸಿಕ್ಕಿಕೊಂಡರೂ ಸೋರಿಕೆ.

ತೇವಹೀರುಕವನ್ನು ಎಸೆಯಬೇಕಿಲ್ಲ. ಕ್ಯಾಲ್ಸಿಯಂ ಸಲ್ಫೇಟಿನದ್ದಾದರೆ ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ 210 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದರೆ ಮತ್ತೆ ನೀಲಿಯಾಗುತ್ತದೆ. ಅಡುಗೆಗೆ ಬಳಸುವ ಓವನ್ ಮಾತ್ರ ಬೇಡ.

ಲಕ್ಷಣ 3: ರೀಡಿಂಗ್ ನಿಲ್ಲುತ್ತಿಲ್ಲ, ಅಲೆಯುತ್ತಿದೆ

ಅಲೆತ ಯಾವ ಲಯದಲ್ಲಿದೆ ಎಂದು ಎರಡು ನಿಮಿಷ ಸುಮ್ಮನೆ ನೋಡಿ. ಯಾರೋ ಹತ್ತಿರ ಬಂದಾಗ ಏರಿ, ಹೋದಾಗ ಇಳಿದರೆ ಕಾರಣ ಉಸಿರು. ನಾವು ಬಿಡುವ ಉಸಿರಿನಲ್ಲಿ ಸುಮಾರು 40,000 ಪಿಪಿಎಂ ಸಿಒ2 ಇರುತ್ತದೆ, ಹೊರಗಿನ ಗಾಳಿಯದಕ್ಕಿಂತ ನೂರು ಪಟ್ಟು. ಹೊರಗಾಳಿಯನ್ನು ನೇರ ಎಳೆದುಕೊಳ್ಳುವ ಜೋಡಣೆಯಲ್ಲಿ ಪಕ್ಕದಲ್ಲಿ ಇಬ್ಬರು ಮಾತಾಡುತ್ತಿದ್ದರೂ ಸಾಕು. ಗಾಳಿ ಎಳೆಯುವ ಟ್ಯೂಬನ್ನು ಕಿಟಕಿಯಾಚೆ, ಜನರೇಟರ್ ಹೊಗೆ ಮತ್ತು ವಾಹನ ನಿಲ್ಲಿಸುವ ಜಾಗದಿಂದ ದೂರ, ಎತ್ತರದಲ್ಲಿ ಕಟ್ಟಿ. ನಡುವೆ ಏರಿಳಿತ ತಗ್ಗಿಸುವ ಒಂದು ಬಫರ್ ಪಾತ್ರೆ ಇಡಿ. ಇದಕ್ಕೆ ದುಬಾರಿಯದೇನೂ ಬೇಡ, ಅಂಗಡಿಯಲ್ಲಿ ಸಿಗುವ 20 ಲೀಟರಿನ ಕುಡಿಯುವ ನೀರಿನ ಕ್ಯಾನ್ ಒಣಗಿಸಿ, ಮುಚ್ಚಳದಲ್ಲಿ ಎರಡು ಟ್ಯೂಬು ತೂರಿಸಿದರೆ ಸಾಕು. ಒಂದು ಟ್ಯೂಬು ತಳ ಮುಟ್ಟಲಿ, ಇನ್ನೊಂದು ಮೇಲೇ ಇರಲಿ.

ಬಫರಿಗೂ ಒಂದು ಬೆಲೆಯಿದೆ. ನಿಮಿಷಕ್ಕೆ 1 ಲೀಟರ್ ಹರಿಯುವಾಗ 20 ಲೀಟರಿನ ಕ್ಯಾನ್ ಹೊಸ ಮಿಶ್ರಣಕ್ಕೆ ಪೂರ್ತಿ ಒಗ್ಗಿಕೊಳ್ಳಲು ಸುಮಾರು ಒಂದು ಗಂಟೆ ಹಿಡಿಯುತ್ತದೆ. ಹೊರಗಾಳಿ ಬಳಸುವಾಗ ಅದು ವರ. ಎಂಎಫ್‌ಸಿಯಿಂದ ಮಿಶ್ರಣ ಬದಲಿಸುತ್ತ ಹೋಗುವಾಗ ಅದೇ ತೊಡಕು. ಆಗ ಅರ್ಧ ಲೀಟರಿನ ಬಾಟಲಿ ಸಾಕು.

ಒಂದೇ ಸಮನೆ, ಕೆಲವು ಸೆಕೆಂಡಿಗೊಮ್ಮೆ ಏರಿಳಿಯುತ್ತಿದ್ದರೆ ರೆಗ್ಯುಲೇಟರಿನ ಕಡೆ ತಿರುಗಿ. ಎಂಎಫ್‌ಸಿಗೆ ಒಳಬರುವ ಒತ್ತಡ ತನ್ನ ಮಿತಿಯೊಳಗೆ ಸ್ಥಿರವಾಗಿರಬೇಕು. ಅದು ವಿಪರೀತ ಹೆಚ್ಚಿದ್ದರೂ ವಾಲ್ವ್ ಬೇಟೆಯಾಡಿದಂತೆ ಹಿಂದೆಮುಂದೆ ಓಡುತ್ತದೆ. ತೇವದ ಜೋಡಣೆಯಾದರೆ, ಗಾಳಿಯನ್ನು ನೀರಿನಲ್ಲಿ ಹಾಯಿಸುವ ಗುಳ್ಳೆ ಬಾಟಲಿಯ ಗುಳುಗುಳು ಲಯವೇ ರೀಡಿಂಗಿನಲ್ಲಿ ಕಾಣಿಸುತ್ತದೆ. ಹರಿವು ಕಡಿಮೆ ಮಾಡಿ ನೋಡಿ, ಲಯವೂ ನಿಧಾನವಾದರೆ ಕಾರಣ ಸಿಕ್ಕಿತು.

ಹೊಲದಲ್ಲಿ ಬಿಟ್ಟ ಟ್ಯೂಬಿನ ತೆರೆದ ಬಾಯಿಗೆ ಇರುವೆ, ಮಣ್ಣುಗೂಡು ಕಟ್ಟುವ ಕಣಜ ಬಂದು ಸೇರುತ್ತವೆ. ತೆಳುವಾದ ಬಲೆ ಕಟ್ಟಿ.

ಲಕ್ಷಣ 4: ಎಲೆಯೇ ಇಲ್ಲ, ಆದರೂ ದ್ಯುತಿಸಂಶ್ಲೇಷಣೆ ಕಾಣುತ್ತಿದೆ

ಎಲ್ಲಕ್ಕಿಂತ ಹೆಚ್ಚು ಹೇಳುವ ಪರೀಕ್ಷೆ ಇದು. ಎಲ್ಲಕ್ಕಿಂತ ಹೆಚ್ಚು ಜನ ಬಿಟ್ಟುಬಿಡುವ ಪರೀಕ್ಷೆಯೂ ಇದೇ.

ಲೆಕ್ಕ ಹೀಗಿದೆ: ದ್ಯುತಿಸಂಶ್ಲೇಷಣೆಯ ವೇಗ ಎಂದರೆ, ಸ್ಥೂಲವಾಗಿ, ಹರಿವು ಗುಣಿಸು ಒಳಬಂದ ಮತ್ತು ಹೊರಹೋದ ಗಾಳಿಯ ಸಿಒ2 ವ್ಯತ್ಯಾಸ, ಭಾಗಿಸು ಎಲೆಯ ವಿಸ್ತೀರ್ಣ. ಹರಿವು ಸೆಕೆಂಡಿಗೆ 500 ಮೈಕ್ರೋಮೋಲ್, ಚೇಂಬರ್ 6 ಚದರ ಸೆಂಟಿಮೀಟರ್ ಇದ್ದಾಗ ಕೇವಲ 1 ಪಿಪಿಎಂ ತಪ್ಪು, ಸೆಕೆಂಡಿಗೆ ಚದರ ಮೀಟರಿಗೆ 0.83 ಮೈಕ್ರೋಮೋಲ್‌ನ ತಪ್ಪಾಗಿ ಹೊರಬರುತ್ತದೆ. ಒಳ್ಳೆಯ ಬೆಳಕಿನಲ್ಲಿ 25 ತೋರಿಸುವ ಸೂರ್ಯಕಾಂತಿ ಎಲೆಗೆ ಅದು ಗೌಣ. ನೆರಳಿನಲ್ಲಿ ಬೆಳೆದು 3 ತೋರಿಸುವ ಕಾಫಿ ಎಲೆಗೆ ಅದು ಕಾಲು ಭಾಗಕ್ಕಿಂತ ಹೆಚ್ಚು.

ಚೇಂಬರ್ ಖಾಲಿ ಮುಚ್ಚಿ. ಒಳಬರುವ ಸಿಒ2 ಮಟ್ಟವನ್ನು 50, 400, 1500 ಪಿಪಿಎಂಗೆ ಇಟ್ಟು, ಪ್ರತಿಸಲವೂ ರೀಡಿಂಗ್ ನಿಲ್ಲುವವರೆಗೆ ಕಾದು ಬರೆದುಕೊಳ್ಳಿ. ಮೂರೂ ಕಡೆ ಸೊನ್ನೆಯ ಹತ್ತಿರ ಬರಬೇಕು. ಬರದಿದ್ದರೆ ಆ ಮೂರು ಅಂಕಿಗಳ ಆಕಾರವೇ ದೋಷದ ಹೆಸರು ಹೇಳುತ್ತದೆ.

ಮೂರರಲ್ಲೂ ಒಂದೇ ಪ್ರಮಾಣದ ತಪ್ಪು ಬಂದರೆ, ಒಳಬರುವ ಮತ್ತು ಹೊರಹೋಗುವ ಗಾಳಿ ಅಳೆಯುವ ಎರಡು ಅನಿಲ ವಿಶ್ಲೇಷಕಗಳು ಒಂದಕ್ಕೊಂದು ಹೊಂದಿಕೊಂಡಿಲ್ಲ. ಎರಡಕ್ಕೂ ಒಂದೇ ಗಾಳಿ ಕೊಟ್ಟು ಹೊಂದಿಸುವ ಮ್ಯಾಚ್ ಒತ್ತಿ, ಅದು ಮುಗಿಯುವವರೆಗೆ ಕಾಯಿರಿ. ಮ್ಯಾಚ್ ಆದ ಮೇಲೂ ಅದೇ ತಪ್ಪು ಉಳಿದರೆ ಮ್ಯಾಚ್ ವಾಲ್ವ್ ಪೂರ್ತಿ ತಿರುಗುತ್ತಿಲ್ಲವೆಂದು ಅನುಮಾನಿಸಿ, ತಿರುಗುವ ಸದ್ದು ಕೇಳಿಸಿಕೊಳ್ಳಿ.

ತಪ್ಪು ಸಿಒ2 ಹೆಚ್ಚಿದಂತೆ ಅದೇ ಪ್ರಮಾಣದಲ್ಲಿ ಬೆಳೆಯುತ್ತಾ, 50ರಲ್ಲಿ ಹೆಚ್ಚುಕಡಿಮೆ ಸೊನ್ನೆಯಾಗಿದ್ದರೆ ಎರಡು ವಿಶ್ಲೇಷಕಗಳ ಸ್ಪ್ಯಾನ್ (ಸಿಒ2 ಏರಿದಂತೆ ಅಂಕಿ ಏರುವ ಪ್ರಮಾಣ) ಬೇರೆಬೇರೆ. ಪ್ರತಿ ಮಟ್ಟದಲ್ಲೂ ಮ್ಯಾಚ್ ಮಾಡಿಕೊಂಡರೆ ಕೆಲಸ ಸಾಗುತ್ತದೆ, ಆದರೆ ಪ್ರಮಾಣಪತ್ರ ಇರುವ ಅನಿಲದಿಂದ ಮರುಮಾಪನ ಆಗಬೇಕಾದ ದಿನ ಬಂದಿದೆ.

50ರಲ್ಲಿ ಋಣ, ಕೋಣೆಯ ಗಾಳಿಯ ಮಟ್ಟದ ಆಸುಪಾಸಿನಲ್ಲಿ ಸೊನ್ನೆ, 1500ರಲ್ಲಿ ಧನ ಬಂದರೆ ಅದು ಸೋರಿಕೆ. ಒಳಗೆ ಸಿಒ2 ಕಡಿಮೆಯಿದ್ದಾಗ ಕೋಣೆಯದು ಒಳನುಗ್ಗುತ್ತದೆ, ಎಲೆ ಉಸಿರು ಬಿಡುತ್ತಿರುವಂತೆ ಕಾಣುತ್ತದೆ. ಒಳಗೆ ಹೆಚ್ಚಿದ್ದಾಗ ಹೊರಗೆ ಸೋರುತ್ತದೆ, ಎಲೆ ಕುಡಿಯುತ್ತಿರುವಂತೆ ಕಾಣುತ್ತದೆ. ಈ ತಪ್ಪನ್ನು ತಿದ್ದದೆ ಎಲೆಯ ಒಳಗಿನ ಸಿಒ2 ಪ್ರತಿಕ್ರಿಯೆಯ ವಕ್ರರೇಖೆ ಎಳೆದು, 1980ರಲ್ಲಿ ಫಾರ್ಕುಹರ್, ಫಾನ್ ಕೆಮರರ್, ಬೆರಿ ಕೊಟ್ಟ ಮಾದರಿಗೆ ಕೂರಿಸಿದರೆ ಎಲೆಗೆ ಇಲ್ಲದ ಗುಣಗಳು ಕಾಗದದ ಮೇಲೆ ಹುಟ್ಟಿಕೊಳ್ಳುತ್ತವೆ. ಎರಡು ವರ್ಷದ ದುಡಿಮೆ ಹೀಗೆ ಹಾಳಾಗುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಸೋರಿಕೆ ಹುಡುಕಲು ಒಂದು ಸ್ಟ್ರಾ ಸಾಕು. ಚೇಂಬರಿನ ಸುತ್ತ, ಪ್ರತಿ ಜೋಡಣೆಯ ಹತ್ತಿರ ಸ್ಟ್ರಾದಲ್ಲಿ ಮೆಲ್ಲಗೆ ಊದುತ್ತ ಹೋಗಿ. ಒಂದು ಜಾಗಕ್ಕೆ ಬಂದಾಗ ರೀಡಿಂಗ್ ಜಿಗಿದರೆ ಅಲ್ಲೇ ಸೋರಿಕೆ. ಹೆಚ್ಚಾಗಿ ಸಿಗುವುದು ಗ್ಯಾಸ್ಕೆಟ್ಟಿನಲ್ಲಿ: ದಪ್ಪ ನರವಿರುವ ಎಲೆ ಹಿಡಿದು ಹಿಡಿದು ಫೋಮಿನಲ್ಲಿ ಹಳ್ಳ ಬಿದ್ದಿರುತ್ತದೆ. ಕೆಲಸ ಮುಗಿದ ಮೇಲೆ ಚೇಂಬರನ್ನು ಬಿಗಿಯಾಗಿ ಮುಚ್ಚಿ ಪೆಟ್ಟಿಗೆಗೆ ಹಾಕಿದರೆ ಫೋಮ್ ಚಪ್ಪಟೆಯಾಗುತ್ತದೆ, ಸಡಿಲ ಬಿಟ್ಟು ಇಡಿ.

ಖಾಲಿ ಚೇಂಬರ್ ಸರಿಯಿದ್ದು ಎಲೆ ಇಟ್ಟಾಗ ಮಾತ್ರ ಅನುಮಾನ ಬಂದರೆ ಸತ್ತ ಎಲೆಯ ಪರೀಕ್ಷೆ ಮಾಡಿ. ಅದೇ ಗಿಡದ ಎಲೆಯನ್ನು ಕುದಿಯುವ ನೀರಿನಲ್ಲಿ ಅದ್ದಿ, ಮೇಲಿನ ನೀರು ಒರೆಸಿ ಆರಿಸಿ, ಚೇಂಬರಿನಲ್ಲಿ ಹಿಡಿದು ಅದೇ ಮೂರು ಮಟ್ಟದ ರೀಡಿಂಗ್ ತೆಗೆಯಿರಿ. ನರದ ಪಕ್ಕದ ಸಂದಿನಿಂದ ಎಷ್ಟು ಸೋರುತ್ತಿದೆ ಎಂದು ತಿಳಿಯುತ್ತದೆ.

ಲಕ್ಷಣ 5: ಆಮ್ಲಜನಕ 2%ಗೆ ಇಳಿಸಿದರೂ ಎಲೆ ಬದಲಾಗುತ್ತಿಲ್ಲ

ಆಮ್ಲಜನಕ ದ್ಯುತಿಸಂಶ್ಲೇಷಣೆಯನ್ನು ತಗ್ಗಿಸುತ್ತದೆ ಎಂದು ಒಟ್ಟೊ ವಾರ್‌ಬುರ್ಗ್ ಹಸಿರು ಪಾಚಿಯಲ್ಲಿ ಕಂಡದ್ದು 1920ರಲ್ಲಿ. ಇವತ್ತು ನಾವು ಫೋಟೋರೆಸ್ಪಿರೇಶನ್ ಅನ್ನು (ಎಲೆ ಸಿಒ2 ಬದಲು ಆಮ್ಲಜನಕ ಹಿಡಿದು, ಕಟ್ಟಿದ ಇಂಗಾಲ ಕಳೆದುಕೊಳ್ಳುವ ಕ್ರಿಯೆಯನ್ನು) ಬಹುಮಟ್ಟಿಗೆ ನಿಲ್ಲಿಸಲು ಗಾಳಿಯ 21%ರ ಬದಲು 1 ಅಥವಾ 2% ಆಮ್ಲಜನಕ ಕೊಡುತ್ತೇವೆ. 25 ಡಿಗ್ರಿ, 400 ಪಿಪಿಎಂ, ಒಳ್ಳೆಯ ಬೆಳಕು ಇದ್ದರೆ ಅವರೆ, ಗೋಧಿ, ಸೂರ್ಯಕಾಂತಿಯಂಥ ಸಿ3 ಗಿಡದ ವೇಗ ಮೂರನೇ ಒಂದು ಭಾಗದಷ್ಟು ಏರುತ್ತದೆ. ಏರದಿದ್ದರೆ ಮಿಶ್ರಣ ಎಲೆಗೆ ತಲುಪುತ್ತಿಲ್ಲ ಎಂದೇ ಮೊದಲು ತಿಳಿಯಿರಿ.

ನನ್ನದೇ ಒಂದು ಘಟನೆ. ನಿಮಿಷಕ್ಕೆ 1 ಲೀಟರ್ ಮಿಶ್ರಣ ಮಾಡಿ ಉಪಕರಣದ ಒಳಬಾಯಿಗೆ ಟಿ-ಜೋಡಣೆಯಿಂದ ಕೊಟ್ಟಿದ್ದೆ, ಟಿ-ಯ ಮೂರನೇ ಕವಲು ಹೊರಗೆ ತೆರೆದಿತ್ತು. ಮೂರು ದಿನ ಅವರೆ ಗಿಡಗಳನ್ನು ಬದಲಿಸುತ್ತ ಕೂತೆ, ಬದಲಾವಣೆ ಬರಬೇಕಾದದ್ದರ ಅರ್ಧವೂ ಬರಲಿಲ್ಲ. ಕೊನೆಗೆ ತೆರೆದ ಕವಲಿನ ಬಾಯಿಗೆ ಒಂದು ಎಳೆ ಹತ್ತಿ ಹಿಡಿದರೆ ಅದು ಹೊರಕ್ಕೆ ಹಾರುವ ಬದಲು ಒಳಕ್ಕೆ ಹೋಯಿತು. ಉಪಕರಣದ ಪಂಪ್ ನಿಮಿಷಕ್ಕೆ 1.3 ಲೀಟರ್ ಎಳೆಯುತ್ತಿತ್ತು. ಕೊರತೆಯ 0.3 ಲೀಟರ್ ಕೋಣೆಯ ಗಾಳಿಯಿಂದ ಬರುತ್ತಿತ್ತು. ಲೆಕ್ಕ ಹಾಕಿದೆ: ಎಲೆಗೆ ಹೋಗುತ್ತಿದ್ದದ್ದು 2% ಅಲ್ಲ, 6.4%. ಅವತ್ತಿನಿಂದ ಆ ಕವಲಿಗೆ ರೋಟಾಮೀಟರ್ (ಹರಿವಿಗೆ ಗುಂಡು ಮೇಲೇಳುವ ಗಾಜಿನ ಕೊಳವೆ) ಕಟ್ಟದೆ ನಾನು ಕೆಲಸ ಶುರುಮಾಡುವುದಿಲ್ಲ. ಅದರ ಗುಂಡು ಸದಾ ತೇಲುತ್ತಿರಬೇಕು, ಪಂಪಿನ ವೇಗ ಹೆಚ್ಚಿಸಿದಾಗಲೂ. ಕವಲನ್ನು ಮುಚ್ಚಿಬಿಡುವುದು ಪರಿಹಾರವಲ್ಲ: ಒತ್ತಡ ನೇರ ಉಪಕರಣದ ಮೇಲೆ ಬಿದ್ದು ಒಳಗಿನ ಟ್ಯೂಬು ಕಳಚಬಹುದು, ಪಂಪ್ ಹಾಳಾಗಬಹುದು.

ಮಿಶ್ರಣದ ಲೆಕ್ಕವನ್ನೂ ಒಮ್ಮೆ ಕೈಯಲ್ಲಿ ಹಾಕಿ ನೋಡಿ. ಗಾಳಿಯಲ್ಲಿ 20.95% ಆಮ್ಲಜನಕ ಇದೆ. ನಿಮಿಷಕ್ಕೆ 1 ಲೀಟರ್ 2% ಬೇಕೆಂದರೆ ಗಾಳಿ 95.5 ಮಿಲಿಲೀಟರ್, ಸಾರಜನಕ 904.5. ಆ ಗಾಳಿಯ ಜೊತೆ ಬರುವ ಸಿಒ2 ಸುಮಾರು 40 ಪಿಪಿಎಂ ಮಾತ್ರ, ಉಳಿದದ್ದನ್ನು ನೀವೇ ಸೇರಿಸಬೇಕು. ಶುದ್ಧ ಸಿಒ2 ಸಿಲಿಂಡರಿನಿಂದ 400 ಪಿಪಿಎಂ ಮಾಡಲು ನಿಮಿಷಕ್ಕೆ 0.4 ಮಿಲಿಲೀಟರ್ ಬೇಕು, ಅಷ್ಟು ಸಣ್ಣ ಹರಿವನ್ನು ಸಾಮಾನ್ಯ ಎಂಎಫ್‌ಸಿ ಹಿಡಿಯಲಾರದು. ಸಾರಜನಕದಲ್ಲಿ ಬೆರೆಸಿದ 5% ಸಿಒ2 ಸಿಲಿಂಡರಿನಿಂದಾದರೆ 8 ಮಿಲಿಲೀಟರ್, 1%ದ್ದಾದರೆ 40. ಸಾರಜನಕದ ಶುದ್ಧತೆಯನ್ನೂ ಕೇಳಿಕೊಳ್ಳಿ. 99.5% ಎಂದಿದ್ದರೆ ಉಳಿದ 0.5%ರಲ್ಲಿ ಬಹುಪಾಲು ಆಮ್ಲಜನಕವೇ ಇರಬಹುದು, 2% ಎಂದು ಬರೆದದ್ದು 2.4% ಆಗುತ್ತದೆ.

ಎಲೆಗೆ ಹೋಗುವ ತುದಿಯಲ್ಲಿ ಆಮ್ಲಜನಕದ ಸಣ್ಣ ಸೆನ್ಸರ್ ಹಿಡಿದು ನೋಡಿದರೆ ಅನುಮಾನ ತೀರುತ್ತದೆ. ಗ್ಯಾಲ್ವಾನಿಕ್ ಸೆನ್ಸರ್ ಪ್ರಮಾಣವನ್ನಲ್ಲ, ಆಂಶಿಕ ಒತ್ತಡವನ್ನು ಅಳೆಯುತ್ತದೆ. ಆದ್ದರಿಂದ ಅದನ್ನು ನಿಮ್ಮ ಊರಿನ ಹೊರಗಾಳಿಯಲ್ಲೇ 20.9ಕ್ಕೆ ಕೂರಿಸಿ.

ಸೆನ್ಸರ್ ಇಲ್ಲದಿದ್ದರೆ ಗಿಡಗಳಿಂದಲೇ ಪರೀಕ್ಷೆ ಮಾಡಬಹುದು, ನನಗೆ ಬಹಳ ಇಷ್ಟವಾದ ದಾರಿ ಇದು. ಒಂದು ಕುಂಡದಲ್ಲಿ ರಾಗಿ, ಇನ್ನೊಂದರಲ್ಲಿ ಅವರೆ ಬೆಳೆಸಿಡಿ. ರಾಗಿ ಸಿ4 ಗಿಡ; ಜೋಳ, ಕಬ್ಬುಗಳ ಹಾಗೆ ಅದೂ ಸಿಒ2 ಹಿಡಿಯುವ ಕಿಣ್ವವಾದ ರುಬಿಸ್ಕೊ ಇರುವ ಜಾಗಕ್ಕೆ ಸಿಒ2 ಒತ್ತಿ ತುಂಬಿಕೊಳ್ಳುವುದರಿಂದ ಆಮ್ಲಜನಕ ಇಳಿಸಿದರೂ ಅದರ ವೇಗ ಹೆಚ್ಚುಕಡಿಮೆ ಹಾಗೇ ಇರಬೇಕು. ಅವರೆ ಏರಿ, ರಾಗಿ ನಿಂತರೆ ಮಿಶ್ರಣ ಸರಿ. ಎರಡೂ ನಿಂತರೆ ಆಮ್ಲಜನಕ ಇಳಿದಿಲ್ಲ. ಎರಡೂ ಒಟ್ಟಿಗೆ ಏರಿದರೆ ಅಥವಾ ಇಳಿದರೆ ಬದಲಾಗಿರುವುದು ಆಮ್ಲಜನಕ ಒಂದೇ ಅಲ್ಲ. ಸಿಒ2 ಮಟ್ಟವೋ ತೇವವೋ ಜೊತೆಗೆ ಜರುಗಿದೆ, ಇಲ್ಲವೇ ಉಪಕರಣದ ಸೆಟ್ಟಿಂಗಿನಲ್ಲಿ ಆಮ್ಲಜನಕದ ಪ್ರಮಾಣ 21% ಎಂದೇ ಉಳಿದಿದೆ. ಕೊನೆಯದನ್ನು ಮರೆಯುವವರು ಬಹಳ. ಅವಕೆಂಪು ವಿಶ್ಲೇಷಕದ ನೀರಾವಿಯ ಲೆಕ್ಕ ಸುತ್ತಲಿನ ಆಮ್ಲಜನಕವನ್ನು ಅವಲಂಬಿಸಿರುವುದರಿಂದ ಮಿಶ್ರಣ ಬದಲಿಸಿದಾಗಲೆಲ್ಲ ಅಲ್ಲಿಯ ಅಂಕಿಯನ್ನೂ ಬದಲಿಸಬೇಕು. ಪತ್ರರಂಧ್ರದ ವಾಹಕತೆ ಇದ್ದಕ್ಕಿದ್ದಂತೆ ಜಿಗಿದಂತೆ ಕಂಡರೆ ಮೊದಲು ಇದನ್ನೇ ನೋಡಿ.

ಲಕ್ಷಣ 6: ಎಂಎಫ್‌ಸಿ ಒಂದು ಹೇಳುತ್ತದೆ, ರೋಟಾಮೀಟರ್ ಇನ್ನೊಂದು

ಬೆಂಗಳೂರಿನಲ್ಲಿ ಇದು ದೋಷವೇ ಆಗಿರಬೇಕಿಲ್ಲ. ಎಂಎಫ್‌ಸಿ ಅಳೆಯುವುದು ಅನಿಲದ ರಾಶಿಯನ್ನು, ತೋರಿಸುವುದು ಸಮುದ್ರಮಟ್ಟದ ಒತ್ತಡದಲ್ಲಿ, ತಯಾರಕರು ಆಧಾರವಾಗಿಟ್ಟ ಉಷ್ಣತೆಯಲ್ಲಿ ಅದು ಎಷ್ಟು ಜಾಗ ಹಿಡಿಯುತ್ತಿತ್ತು ಎಂಬ ಲೆಕ್ಕವನ್ನು. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿಯ ಗಾಳಿಯ ಒತ್ತಡ ಸುಮಾರು 91 ಕಿಲೋಪ್ಯಾಸ್ಕಲ್. ಎಂಎಫ್‌ಸಿ 0 ಡಿಗ್ರಿಯನ್ನು ಆಧಾರವಾಗಿಟ್ಟುಕೊಂಡಿದ್ದರೆ, ಅದು 1.00 ಲೀಟರ್ ಎಂದಾಗ 27 ಡಿಗ್ರಿಯ ನಮ್ಮ ಲ್ಯಾಬಿನಲ್ಲಿ ನಿಜವಾಗಿ ಹರಿಯುವುದು 1.22 ಲೀಟರ್. ಆಧಾರ 25 ಡಿಗ್ರಿಯಾಗಿದ್ದರೆ 1.12. ಮಂಗಳೂರಿನ ಲ್ಯಾಬಿನಲ್ಲಿ ಈ ಅಂತರದ ಬಹುಪಾಲು ಕಾಣುವುದೇ ಇಲ್ಲ.

ಎಲ್ಲ ಎಂಎಫ್‌ಸಿಗಳ ಆಧಾರ ಒಂದೇ ಆಗಿದ್ದರೆ ಮಿಶ್ರಣದ ಅನುಪಾತ ಕೆಡುವುದಿಲ್ಲ. ಕೆಡುವುದು ಎರಡು ತಯಾರಕರ ಎಂಎಫ್‌ಸಿಗಳನ್ನು ಬೆರೆಸಿದಾಗ. ಒಂದರ ಆಧಾರ 0 ಡಿಗ್ರಿ, ಇನ್ನೊಂದರದು 25 ಇದ್ದರೆ 9% ವ್ಯತ್ಯಾಸ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಚೀಟಿ ಓದಿ. ಅದೇ ಚೀಟಿಯಲ್ಲಿ ಯಾವ ಅನಿಲಕ್ಕೆ ಮಾಪನ ಮಾಡಿದ್ದು ಎಂದೂ ಇರುತ್ತದೆ. ಸಾರಜನಕ, ಗಾಳಿ, ಆಮ್ಲಜನಕ ಒಂದರ ಬದಲು ಒಂದು ನಡೆದರೂ ವ್ಯತ್ಯಾಸ ಅಲ್ಪ. ಸಾರಜನಕಕ್ಕೆ ಮಾಪನ ಮಾಡಿದ ಎಂಎಫ್‌ಸಿಯಲ್ಲಿ ಶುದ್ಧ ಸಿಒ2 ಬಿಟ್ಟರೆ ನಿಜವಾದ ಹರಿವು ತೋರಿಸಿದ್ದರ ಮುಕ್ಕಾಲು ಪಾಲಿನಷ್ಟೇ. ಆರ್ಗಾನ್ ಆದರೆ ಸುಮಾರು 1.4 ಪಟ್ಟು. ಆದ್ದರಿಂದ ಸಿಒ2 ಮಿಶ್ರಣದ ಸಿಲಿಂಡರ್ ಬಂದಾಗ ಉಳಿದದ್ದು ಸಾರಜನಕವೋ ಆರ್ಗಾನೋ ಎಂದು ಕೇಳಲೇಬೇಕು, ವೆಲ್ಡಿಂಗ್‌ಗೆ ಕೊಡುವ ಮಿಶ್ರಣದಲ್ಲಿ ಆರ್ಗಾನ್ ಇರುತ್ತದೆ.

ಯಾವುದು ಸರಿ ಎಂದು ತೀರ್ಮಾನಿಸಲು ಸೋಪು ಗುಳ್ಳೆಯ ಬ್ಯುರೆಟ್ ಬಳಸಿ. ಬ್ಯುರೆಟ್ ತಲೆಕೆಳಗೆ ಮಾಡಿ, ಕೆಳಗಿನಿಂದ ಅನಿಲ ಬಿಟ್ಟು, ಸೋಪಿನ ಪೊರೆ 50 ಮಿಲಿಲೀಟರ್ ಏರಲು ಎಷ್ಟು ಸೆಕೆಂಡ್ ಹಿಡಿಯಿತು ಎಂದು ಫೋನಿನಲ್ಲಿ ಅಳೆಯಿರಿ, ಮೂರು ಸಲದ ಸರಾಸರಿ ತೆಗೆಯಿರಿ, ಅವತ್ತಿನ ಒತ್ತಡ ಮತ್ತು ಉಷ್ಣತೆಗೆ ತಿದ್ದಿ. ಸಣ್ಣ ಹರಿವುಗಳಿಗೆ ಇದಕ್ಕಿಂತ ನಂಬಿಕಸ್ಥ ಸಾಧನ ನಮ್ಮ ಬಜೆಟ್ಟಿನಲ್ಲಿ ಸಿಗುವುದಿಲ್ಲ.

ತಿದ್ದಿದ ಮೇಲೂ ಹೊಂದದಿದ್ದರೆ: ಎಂಎಫ್‌ಸಿ ಅರ್ಧ ಗಂಟೆ ಬೆಚ್ಚಗಾಗಿದೆಯೇ? ಅನಿಲ ಪೂರ್ತಿ ಮುಚ್ಚಿದಾಗ ಸೊನ್ನೆ ತೋರಿಸುತ್ತದೆಯೇ? ಅಡ್ಡ ಮಲಗಿಸುವ ಬದಲು ನಿಲ್ಲಿಸಿದ್ದೀರಾ? ಪೂರ್ಣ ಸಾಮರ್ಥ್ಯದ 2%ಗಿಂತ ಕೆಳಗೆ ಓಡಿಸುತ್ತಿದ್ದೀರಾ? 10 ಲೀಟರಿನ ಎಂಎಫ್‌ಸಿಯಿಂದ 40 ಮಿಲಿಲೀಟರ್ ಕೇಳುವುದು ಲಾರಿ ತೂಗುವ ತಕ್ಕಡಿಯಲ್ಲಿ ಏಲಕ್ಕಿ ತೂಗಿದ ಹಾಗೆ.

ಲಕ್ಷಣ 7: ಟ್ಯೂಬಿನಲ್ಲಿ ನೀರಿನ ಹನಿ

ಕೂಡಲೇ ಹರಿವು ನಿಲ್ಲಿಸಿ. ಹನಿ ವಿಶ್ಲೇಷಕದ ಒಳಗೆ ಹೋದರೆ ರಿಪೇರಿ ದುಬಾರಿ. ತೇವ ಸೇರಿಸುವ ಗುಳ್ಳೆ ಬಾಟಲಿಯ ನೀರು ಟ್ಯೂಬು ಹಾದುಹೋಗುವ ಕೋಣೆಗಿಂತ ಬೆಚ್ಚಗಿದ್ದರೆ ಹನಿ ಕಟ್ಟುವುದು ಖಚಿತ. ಏಸಿ 20 ಡಿಗ್ರಿಯಲ್ಲಿದ್ದರೆ ಬಾಟಲಿಯನ್ನು 15ರ ನೀರಿನ ತೊಟ್ಟಿಯಲ್ಲಿಡಿ. ಸಿಒ2 ನೀರಿನಲ್ಲಿ ಕರಗುವುದರಿಂದ ಮಿಶ್ರಣ ಬದಲಿಸಿದ ಮೇಲೆ ರೀಡಿಂಗ್ ನಿಲ್ಲಲು ತಡವಾಗುತ್ತದೆ, ಆದ್ದರಿಂದ ಸಿಒ2ವನ್ನು ಗುಳ್ಳೆ ಬಾಟಲಿ ದಾಟಿದ ಮೇಲೆ ಸೇರಿಸುವುದು ಒಳ್ಳೆಯದು.

ಕರೆಂಟ್ ಹೋಗಿ ಬಂದ ಮೇಲೆ

ಎಂಎಫ್‌ಸಿಗಳು ಸೊನ್ನೆಗೆ ಮರಳಿರಬಹುದು, ಆದರೆ ಸೂಜಿ ವಾಲ್ವಿನಿಂದ ನಡೆಯುವ ಸಾರಜನಕದ ಹರಿವು ಮಾತ್ರ ನಿಲ್ಲದೆ ಸಾಗಿರುತ್ತದೆ, ಅಷ್ಟೂ ಹೊತ್ತು ಎಕ್ಸಾಸ್ಟ್ ಫ್ಯಾನ್ ನಿಂತಿರುತ್ತದೆ. ಕತ್ತಲಲ್ಲಿ ಕೋಣೆಯೊಳಗೆ ಹೋಗಿ ಸ್ವಿಚ್ ಹುಡುಕುವ ಮೊದಲು ಬಾಗಿಲು ಪೂರ್ತಿ ತೆರೆದು ಕೆಲವು ನಿಮಿಷ ಬಿಡಿ. ಕರೆಂಟ್ ಬಂದ ಕೂಡಲೇ ಎಲೆ ಹಿಡಿಯದೆ ಮತ್ತೆ ಅರ್ಧ ಗಂಟೆ ಬೆಚ್ಚಗಾಗಲು ಕೊಡಿ, ಮ್ಯಾಚ್ ಮಾಡಿ, ಕವಲಿನ ರೋಟಾಮೀಟರ್ ನೋಡಿ.

ಕೈಬಿಟ್ಟು ಬೇರೆಯವರನ್ನು ಕರೆಯಬೇಕಾದದ್ದು

ಸಿಲಿಂಡರಿನ ವಾಲ್ವೇ ಸೋರುತ್ತಿದ್ದರೆ, ತಿರುಗದೆ ಬಿಗಿದಿದ್ದರೆ ಸ್ಪ್ಯಾನರಿನಿಂದ ಬಲ ಹಾಕಬೇಡಿ. ಸಾಧ್ಯವಾದರೆ ಬಯಲಿಗೆ ಸಾಗಿಸಿ, ಜನರನ್ನು ದೂರವಿಟ್ಟು ಸರಬರಾಜುದಾರರನ್ನು ಕರೆಸಿ. ರೆಗ್ಯುಲೇಟರಿನ ಹೊರಒತ್ತಡ ತಾನಾಗಿ ಏರುತ್ತಾ ಹೋದರೆ ಅದರ ಸೀಟು ಹೋಗಿದೆ. ಸಿಲಿಂಡರ್ ಮುಚ್ಚಿ, ರೆಗ್ಯುಲೇಟರ್ ಬದಲಿಸಿ, ಬಿಚ್ಚಿ ರಿಪೇರಿ ಮಾಡಲು ಹೋಗಬೇಡಿ. ಸಿಲಿಂಡರಿನ ನಟ್ಟಿಗೆ ಟೆಫ್ಲಾನ್ ಟೇಪ್ ಸುತ್ತಿ ಸೋರಿಕೆ ನಿಲ್ಲಿಸುವ ಅಭ್ಯಾಸ ನಮ್ಮಲ್ಲಿ ಬಹಳ ಕಡೆ ಇದೆ. ಆ ನಟ್ಟಿನಲ್ಲಿ ಅನಿಲ ತಡೆಯುವುದು ಒಳಗೆ ಒತ್ತಿ ಕೂರುವ ತುದಿ ಅಥವಾ ವಾಷರ್, ಎಳೆಯಲ್ಲ. ಟೇಪಿನ ಚೂರು ಒಳಹೋಗಿ ಎಂಎಫ್‌ಸಿಯನ್ನೇ ಕಟ್ಟಿಸುತ್ತದೆ. ಸಿಒ2 ಸಿಲಿಂಡರಿನಲ್ಲಿ ವಾಷರ್ ಬದಲಿಸಿದರೆ ಸಾಮಾನ್ಯವಾಗಿ ಸೋರಿಕೆ ನಿಲ್ಲುತ್ತದೆ.

ಆಮ್ಲಜನಕದ ಅಲಾರಂ ಕೂಗಿದರೆ ಸೆನ್ಸರ್ ಕೆಟ್ಟಿರಬೇಕು ಎಂದು ಊಹಿಸಿ ಒಳಗೆ ಕೂರಬೇಡಿ. ಹೊರಗೆ ಬಂದು, ಹೊರಗಾಳಿಯಲ್ಲಿ ಅದು 20.9 ತೋರಿಸುತ್ತದೆಯೇ ಎಂದು ನೋಡಿದ ಮೇಲೆ ಮುಂದಿನ ಮಾತು.

ಹೊಸ ಕಾರ್ಟ್ರಿಡ್ಜ್, ಹೊಸ ಸೋಡಾ ಲೈಮ್, ಸೋರಿಕೆಯಿಲ್ಲದ ಚೇಂಬರ್ ಇದ್ದೂ ವಿಶ್ಲೇಷಕ ಸೊನ್ನೆ ಹಿಡಿಯದಿದ್ದರೆ ಒಳಗಿನ ಬೆಳಕಿನ ಮೂಲ ಅಥವಾ ಕಿಟಕಿಯ ಸಮಸ್ಯೆ ಇರಬಹುದು, ಅದನ್ನು ಸರ್ವಿಸ್‌ಗೆ ಕಳಿಸಿ. ಕಳಿಸುವಾಗ ಖಾಲಿ ಚೇಂಬರಿನ 50, 400, 1500ರ ಮೂರು ರೀಡಿಂಗ್, ಸೋಪು ಗುಳ್ಳೆಯಿಂದ ಅಳೆದ ಹರಿವು, ಅವತ್ತಿನ ಒತ್ತಡ ಮತ್ತು ಉಷ್ಣತೆ, ಕೊನೆಯ ಸಲ ಸೋಡಾ ಲೈಮ್ ಬದಲಿಸಿದ ತಾರೀಖು, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಪೆಟ್ಟಿಗೆಯೊಳಗೆ ಇಡಿ. ಕಾರ್ಟ್ರಿಡ್ಜ್ ತೆಗೆದಿರಲಿ, ಸೋಡಾ ಲೈಮ್ ಖಾಲಿ ಮಾಡಿರಲಿ, ಚೇಂಬರ್ ಸಡಿಲವಾಗಿ ಬಿಟ್ಟಿರಲಿ.